ಖಾನಾವಳಿಗೆ ನಾನು ಕಟ್ಟಿಸಿದ ಗೋಡೆ

ನಾನು ಬಿ.ಬಿ.ಎಂ. ಓದಿದವನು ಎಂದು ಯಾರಿಗಾದರೂ ಹೇಳಬೇಕಾಗಿ ಬಂದರೆ ಬೇಗ ಹೇಳಿ ಮುಗಿಸಿಬಿಡುತ್ತೇನೆ. ಅದನ್ನೇ ಓದಿದವರು ಸಿಕ್ಕರೆ ಮಾತ್ರ ಕಷ್ಟ. ಪ್ರಾಜೆಕ್ಟ್ ಯಾವುದರ ಮೇಲೆ ಮಾಡಿದ್ದಿರಿ ಎಂದು ಕೇಳಿಯೇ ಕೇಳುತ್ತಾರೆ. ಒಂದು ಹೋಟೆಲಿನ ಮೇಲೆ ಎಂದು ಹೇಳಿ ಮಾತು ಬದಲಿಸುತ್ತೇನೆ. ಅದು ಹೋಟೆಲ್ ಅಲ್ಲ, ಖಾನಾವಳಿ. ಬಾಯಿ ತೆರೆದರೆ ಮೊದಲ ಮಾತೇ ಸುಳ್ಳು, ನೋಡಿ ನನ್ನ ಹಣೆಬರಹ.

ನಮ್ಮದು ಕೂಡ್ಲಿಗಿ ತಾಲೂಕಿನ ಒಂದು ಹಳ್ಳಿ. ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ಕೊಟ್ಟೂರಿನ ಒಂದು ಕಾಲೇಜಿನಲ್ಲಿ ಈ ಕೋರ್ಸ್ ಹೊಸದಾಗಿ ಬಂದಿತ್ತು. ‘ಕುರ್ಚಿ ಮ್ಯಾಲೆ ಕುಂತು ಮಂದಿಗೆ ಕೆಲಸ ಹೇಳೋದು ಹೆಂಗಂತ ಕಲಸ್ತಾರಂತ’ ಎಂದು ಅಪ್ಪ ಊರ ತುಂಬ ಹೇಳಿಕೊಂಡು ಬಂದಿದ್ದ. ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿ. ನಾನು ಹತ್ತನೆಯ ಕ್ಲಾಸಿನವರೆಗೆ ಊರಿನ ಸಾಲೆಯಲ್ಲಿ ಕನ್ನಡದಲ್ಲಿ ಓದಿ ಬಂದವನು. ಉತ್ತರಗಳನ್ನು ಕಾಮಾ, ಫುಲ್‌ಸ್ಟಾಪಿನ ಸಮೇತ ಬಾಯಿಪಾಠ ಮಾಡುತ್ತಿದ್ದೆ. ಯಾರಾದರೂ ನಡುವೆ ತಡೆದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಿತ್ತು. ಆದರೂ ಊರಿಗೆ ಹೋದಾಗ ಗತ್ತು ಕಡಿಮೆ ಇರಲಿಲ್ಲ. ಚಹಾದಂಗಡಿಯವನಿಗೆ ಗ್ಲಾಸು ಎಲ್ಲಿಡಬೇಕು, ಗಿರಣಿಯವನಿಗೆ ಸಾಲು ಹೇಗೆ ನಿಲ್ಲಿಸಬೇಕು ಎಂದೆಲ್ಲ ಪಾಠ ಹೇಳಿ ಬರುತ್ತಿದ್ದೆ. ಓದಿ ಓದಿ ಮರುಳಾದ ಕೂಚುಭಟ್ಟ ಅನ್ನುತ್ತಾರಲ್ಲ, ನಾನು ಪೂರ್ತಿ ಓದುವ ಮೊದಲೇ ಆಗಿದ್ದೆ.

ಕೊಟ್ಟೂರಿನಲ್ಲಿ ಹಡಗಲಿ ಕಡೆಯ ಇಬ್ಬರು ಗೆಳೆಯರ ಜೊತೆ ಒಂದು ರೂಮಿನಲ್ಲಿದ್ದೆ. ಊಟಕ್ಕೆ ಮಾರ್ಕೆಟ್ ಯಾರ್ಡಿನ ಹತ್ತಿರದ ಖಾನಾವಳಿ. ಅದನ್ನು ನಡೆಸುತ್ತಿದ್ದವಳು ಐವತ್ತರ ಆಸುಪಾಸಿನ ಹೆಂಗಸು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಒಲೆ ಹೂಡಿ ನಿಂತವಳು. ಎಲ್ಲರೂ ಅಕ್ಕ ಅನ್ನುತ್ತಿದ್ದರು, ನಾವು ಹುಡುಗರು ಅಕ್ಕಾರ ಅನ್ನುತ್ತಿದ್ದೆವು. ಒಂದೇ ಒಂದು ಉದ್ದನೆಯ ಕೋಣೆ. ಎರಡೂ ಗೋಡೆಗೆ ಬೆನ್ನು ಕೊಟ್ಟು ಚಾಪೆಯ ಮೇಲೆ ಎರಡು ಸಾಲು ಜನ ಕೂರುತ್ತಿದ್ದರು. ಕೋಣೆಯ ಆ ತುದಿಗೆ ಒಲೆ. ಒಲೆಯ ಹಿಂದೆ ನಮ್ಮ ಕಡೆ ಮುಖ ಮಾಡಿ ಅಕ್ಕ ಕೂತಿರುತ್ತಿದ್ದಳು. ರೊಟ್ಟಿ ಬಡಿಯುವ ಸಪ್ಪಳ ರಸ್ತೆಗೆ ಕೇಳುತ್ತಿತ್ತು. ಸಪ್ಪಳ ಕೇಳಿದರೆ ಊಟ ಶುರುವಾಗಿದೆ ಎಂದು ಅರ್ಥ. ಬೋರ್ಡು ಗೀರ್ಡು ಏನೂ ಇರಲಿಲ್ಲ.

ಅಕ್ಕ ಕೈಯಿಂದ ರೊಟ್ಟಿ ಬಡಿಯುತ್ತ ಕಣ್ಣಿನಿಂದ ತಾಟು ನೋಡುತ್ತಿದ್ದಳು. ಬಡಿಸಲು ಆಕೆಯ ತಂಗಿಯ ಮಗಳು ಇದ್ದಳು, ಬಹಳ ನಾಚಿಕೆಯ ಹುಡುಗಿ, ಮದುವೆಯ ವಯಸ್ಸಿಗೆ ಬಂದವಳು. ‘ಕಂಡಕ್ಟರ್ ಸಾಹೇಬ್ರಿಗೆ ಇನ್ನೊಂದು ಹಾಕು’, ‘ಆ ಮೂಲ್ಯಾಗ ಪಲ್ಯ ಮುಗದೈತಿ ನೋಡು’ ಎಂದು ಅಕ್ಕ ಕೂತಲ್ಲಿಂದಲೇ ಹೇಳುತ್ತಿದ್ದಳು, ಹುಡುಗಿ ತಲೆ ತಗ್ಗಿಸಿಕೊಂಡು ಹಾಕಿ ಬರುತ್ತಿದ್ದಳು. ಯಾರನ್ನೂ ಬೇಕೇ ಎಂದು ಕೇಳುತ್ತಿರಲಿಲ್ಲ. ಸಾಕು ಎಂದು ತಾಟಿನ ಮೇಲೆ ಕೈ ಅಡ್ಡ ಹಿಡಿದರೂ ಕೈ ಸರಿಸಿ ಹಾಕಿಸುತ್ತಿದ್ದಳು. ಯಾರ ಸಾಕು ಖರೇ, ಯಾರ ಸಾಕು ಸುಳ್ಳು ಎಂಬುದು ಆಕೆಗೆ ಗೊತ್ತಿತ್ತು.

ಒಲೆಗೆ ತೀರ ಹತ್ತಿರದ ಜಾಗ ಒಬ್ಬ ಹಮಾಲ ಅಜ್ಜನದು. ಯಾರ್ಡಿನಲ್ಲಿ ಶೇಂಗಾ ಚೀಲ ಹೊತ್ತು ಹೊತ್ತು ಒಂದು ಹೆಗಲು ಇಳಿದುಬಿಟ್ಟಿತ್ತು. ಖಾನಾವಳಿ ಶುರುವಾದ ದಿನ ಮೊದಲು ಉಂಡವನು ಆತನೇ ಅಂತೆ. ಅಕ್ಕನಿಗೆ ಆತ ತಂಗಿ ಅನ್ನುತ್ತಿದ್ದ, ಆಕೆ ಅಣ್ಣ ಅನ್ನುತ್ತಿದ್ದಳು. ರಕ್ತಸಂಬಂಧ ಏನೂ ಇರಲಿಲ್ಲ. ನಾಗರಪಂಚಮಿಗೆ ಆಕೆಗೊಂದು ಕುಪ್ಪಸದ ಕಣ ತಂದು ಕೊಡುತ್ತಿದ್ದ, ಅಷ್ಟೇ. ಆತನ ಕಣ್ಣಲ್ಲಿ ಯಾವಾಗಲೂ ನೀರು ಸೋರುತ್ತಿತ್ತು, ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿಕೊಳ್ಳುತ್ತ ಉಣ್ಣುತ್ತಿದ್ದ. ಅದು ವಯಸ್ಸಿನ ಕಣ್ಣು. ಬಿಸಿಲಲ್ಲೂ ಸೋರುತ್ತಿತ್ತು, ನೆರಳಲ್ಲೂ ಸೋರುತ್ತಿತ್ತು.

ಕೊನೆಯ ವರ್ಷದಲ್ಲಿ ಪ್ರಾಜೆಕ್ಟ್ ಮಾಡಬೇಕಿತ್ತು. ಒಂದು ಸಂಸ್ಥೆಯನ್ನು ಆರಿಸಿಕೊಂಡು, ಅಲ್ಲಿನ ಐವತ್ತು ಗ್ರಾಹಕರಿಗೆ ಪ್ರಶ್ನೆಗಳ ಪಟ್ಟಿ ಕೊಟ್ಟು, ಅವರ ಉತ್ತರ ಕೂಡಿಸಿ, ಸಮಸ್ಯೆ ಇದು, ಪರಿಹಾರ ಇದು ಎಂದು ಬರೆಯುವುದು. ಅನುಕೂಲ ಇದ್ದವರು ಹೊಸಪೇಟೆ, ದಾವಣಗೆರೆಯ ಕಂಪನಿಗಳನ್ನು ಹಿಡಿದರು. ನನಗೆ ಯಾರ ಗುರುತು ಇತ್ತು? ದಿನಕ್ಕೆ ಎರಡು ಸಲ ಹೋಗುವ ಜಾಗ ಖಾನಾವಳಿ ಒಂದೇ. ಸೋಮಾರಿಗೆ ಅದಕ್ಕಿಂತ ಹತ್ತಿರದ ಸಂಸ್ಥೆ ಸಿಗುವುದಿಲ್ಲ. ಅಕ್ಕನನ್ನು ಕೇಳಿದೆ.

‘ಇದರಾಗ ಓದೋದು ಏನೈತಿ ತಮ್ಮಾ’ ಎಂದು ನಕ್ಕಳು. ಆದರೆ ಖುಷಿಯಾಗಿತ್ತು, ನನಗೆ ಕಾಣುತ್ತಿತ್ತು. ಸಂಸ್ಥೆಯ ಸೀಲು ಬೇಕು ಎಂದು ಕಾಲೇಜಿನಲ್ಲಿ ಹೇಳಿದ್ದರಿಂದ ಹರಪನಹಳ್ಳಿಗೆ ಹೋಗಿ ನಾನೇ ಒಂದು ರಬ್ಬರ್ ಸೀಲು ಮಾಡಿಸಿ ತಂದೆ. ಅಕ್ಕ ಅದನ್ನು ಹಿಟ್ಟಿನ ಡಬ್ಬಿಯ ಮೇಲೆ, ಗೋಡೆಯ ಮೇಲೆ, ತಂಗಿಯ ಮಗಳ ಅಂಗೈ ಮೇಲೆ ಒತ್ತಿ ನೋಡಿ ನಕ್ಕಿದ್ದೇ ನಕ್ಕಿದ್ದು. ಬಂದವರಿಗೆಲ್ಲ ಹೇಳಿದಳು, ನಮ್ಮ ಖಾನಾವಳಿ ಕಾಲೇಜಿನ ಪುಸ್ತಕದಾಗ ಬರತೈತಿ ಅಂತ.

ಪ್ರಶ್ನೆಪಟ್ಟಿಯನ್ನು ಕನ್ನಡದಲ್ಲಿ ಮಾಡಿಕೊಂಡು ಮೊದಲ ದಿನ ಎಂಟು ಜನರಿಗೆ ಕೊಟ್ಟೆ. ಎಂಟೂ ಜನ ಎಲ್ಲ ಪ್ರಶ್ನೆಗೂ ‘ಬಹಳ ಚೆನ್ನಾಗಿದೆ’ ಎಂಬ ಕಡೆಯೇ ಗುರುತು ಹಾಕಿದರು. ಕೆಲವರು ಪ್ರಶ್ನೆ ಓದಲೂ ಇಲ್ಲ. ಆಮೇಲೆ ಹಮಾಲ ಅಜ್ಜನ ಹತ್ತಿರ ಹೋದೆ. ಆತನಿಗೆ ಓದಲು ಬರುತ್ತಿರಲಿಲ್ಲ, ನಾನೇ ಓದಿ ಹೇಳಿದೆ. ಊಟದ ಕೋಣೆಯ ವ್ಯವಸ್ಥೆಯಲ್ಲಿ ನಿಮಗೆ ಏನಾದರೂ ತೊಂದರೆ ಇದೆಯೇ ಎಂದು ಕೇಳಿದ್ದಕ್ಕೆ ಆತ ಕೈ ತೊಳೆದುಕೊಂಡು ನನ್ನನ್ನು ದಿಟ್ಟಿಸಿ ನೋಡಿದ.

‘ಉಂಡ ಮನಿ ಜಂತಿ ಎಣಸಬಾರದಪಾ’ ಎಂದು ಎದ್ದು ಹೋದ.

ಆ ಎಂಟು ಕಾಗದಗಳನ್ನು ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದ ಗೈಡ್ ಸರ್‌ಗೆ ತೋರಿಸಿದೆ. ಅವರು ಆಗತಾನೇ ಕೆಲಸಕ್ಕೆ ಸೇರಿದ್ದ ಮೇಷ್ಟ್ರು, ಕೆಟ್ಟವರಲ್ಲ. ‘ಎಲ್ಲಾರೂ ಚೆನ್ನಾಗೈತಿ ಅಂದ್ರೆ ನೀನು ಸ್ಟಡಿ ಮಾಡಿದ್ದೇನು? ಸಮಸ್ಯೆ ಎಲ್ಲೈತಿ? ಸಮಸ್ಯೆ ಇಲ್ದಿದ್ರೆ ಪ್ರಾಜೆಕ್ಟ್ ಇಲ್ಲ, ಹೋಗಿ ಸರಿಯಾಗಿ ಕೇಳ್ಕೊಂಡು ಬಾ’ ಎಂದರು. ಸರಿಯಾಗಿ ಕೇಳು ಎಂದರೇ ಹೊರತು ಸುಳ್ಳು ಬರಿ ಎಂದು ಹೇಳಲಿಲ್ಲ. ಎಷ್ಟೋ ವರ್ಷ ನಾನು ಈ ಪಾಪದಲ್ಲಿ ಅವರದೊಂದು ಪಾಲು ಹಾಕಿ ಸಮಾಧಾನ ಮಾಡಿಕೊಂಡಿದ್ದೇನೆ. ಅದೂ ನ್ಯಾಯವಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ರೂಮಿನ ಬಾಗಿಲು ಹಾಕಿಕೊಂಡು ಮೂವರೂ ಕೂತು ಐವತ್ತು ಕಾಗದ ತುಂಬಿದೆವು. ನೀಲಿ ಪೆನ್ನು, ಕಪ್ಪು ಪೆನ್ನು, ಒಂದಷ್ಟು ಎಡಗೈಯಲ್ಲಿ. ಲಾರಿ ಡ್ರೈವರ್, ಶೇಂಗಾ ವ್ಯಾಪಾರಿ, ಸಾಲೆ ಮೇಷ್ಟ್ರು ಎಂದು ಬಗೆಬಗೆಯ ಜನರನ್ನು ಹುಟ್ಟಿಸಿದೆವು. ಬರೆಯಲು ಬಾರದವರೂ ಇರಬೇಕಲ್ಲ, ಅದಕ್ಕೆ ಸ್ಟಾಂಪ್ ಪ್ಯಾಡ್ ತಂದು ಹೆಬ್ಬೆಟ್ಟು ಒತ್ತಿದೆವು. ಆರು ಹೆಬ್ಬೆರಳು ಮುಗಿದ ಮೇಲೆ ಕಾಲಿನವನ್ನೂ ಬಿಡಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆವು. ನನ್ನ ವಿದ್ಯಾರ್ಥಿ ಜೀವನದಲ್ಲಿ ಅಷ್ಟು ನಕ್ಕ ದಿನ ಇನ್ನೊಂದಿಲ್ಲ, ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಸಮಸ್ಯೆಯನ್ನು ಪುಸ್ತಕದಿಂದ ತೆಗೆದೆ. ಲೇಔಟ್ ಎಂಬ ಪಾಠ ಇತ್ತು. ತಯಾರಿಸುವ ಜಾಗ ಬೇರೆ, ಗ್ರಾಹಕರ ಜಾಗ ಬೇರೆ ಇರಬೇಕು ಎಂದು ಅದರಲ್ಲಿ ಬರೆದಿತ್ತು. ಹಾಗಾಗಿ ನಮ್ಮ ಐವತ್ತು ಜನರಲ್ಲಿ ಮುಕ್ಕಾಲು ಪಾಲು ಜನರಿಗೆ ಒಲೆಯ ಹೊಗೆಯಿಂದ ತೊಂದರೆ, ರೊಟ್ಟಿ ಬಡಿಯುವ ಸಪ್ಪಳದಿಂದ ಕಿರಿಕಿರಿ ಎಂದಾಯಿತು. ಇಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಸುಳ್ಳಿಗೆ ಒಂದು ಮುಖ ಬೇಕು ಅನ್ನಿಸಿತು ನನಗೆ. ಒಂದು ಕಾಗದದ ಕೊನೆಯಲ್ಲಿ, ‘ಹಮಾಲ, ಅರವತ್ತರ ಮೇಲೆ’ ಎಂದು ಹಾಕಿ, ‘ಹೊಗೆಗೆ ಕಣ್ಣು ಉರಿದು ನೀರು ಬರುತ್ತದೆ, ಎದ್ದು ಹೋಗೋಣ ಅನ್ನಿಸುತ್ತದೆ, ಹೇಳಲು ಸಂಕೋಚ’ ಎಂದು ಬರೆದೆ. ಅದರ ಕೆಳಗೆ ಒತ್ತಿದ್ದು ನನ್ನದೇ ಬಲಗೈ ಹೆಬ್ಬೆರಳು. ಗೈಡ್ ಸರ್ ಆ ಕಾಗದ ಎತ್ತಿ ಹಿಡಿದು, ‘ಇದು ನೋಡು, ಇದು ಫೀಲ್ಡ್ ವರ್ಕ್’ ಎಂದರು.

ವರದಿಗೆ ಕೆಂಪು ರಟ್ಟು ಹಾಕಿಸಿ ಚಿನ್ನದ ಅಕ್ಷರ ಹೊಡೆಸಿದೆ. ಒಂದು ಪ್ರತಿಯನ್ನು ಅಕ್ಕನಿಗೆ ತೋರಿಸಲು ಒಯ್ದೆ. ಮಧ್ಯಾಹ್ನದ ಊಟ ಮುಗಿದು ಕೋಣೆ ಖಾಲಿಯಾಗಿತ್ತು. ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡು ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡಳು, ಒಳಗೆ ತನ್ನ ಫೋಟೋ ನೋಡಿದಳು.

‘ಏನ ಬರದಾರ ನಮ್ಮ ಮಂದಿ? ಓದು’ ಎಂದಳು.

ಈ ಜಾಗದಲ್ಲಿ ನಾನು ನಿಲ್ಲಬಹುದಿತ್ತು. ಎಲ್ಲಾರೂ ಚಲೋ ಐತಿ ಅಂದಾರ್ರಿ ಎಂದು ಹೇಳಿಬಿಟ್ಟಿದ್ದರೆ ಅದೇ ಖರೆಯೂ ಆಗುತ್ತಿತ್ತು. ಆದರೆ ಚಿನ್ನದ ಅಕ್ಷರದ ಪುಸ್ತಕ, ಕೇಳುವವರು ಒಬ್ಬರು ಸಿಕ್ಕಿದ್ದಾರೆ, ನನ್ನ ಕೊಬ್ಬು ಕೇಳಬೇಕೇ. ಓದಿದೆ. ಹೊಗೆಯದು ಓದಿದೆ, ಸಪ್ಪಳದ್ದು ಓದಿದೆ. ಅಕ್ಕನ ಮುಖ ಸಣ್ಣದಾಯಿತು.

‘ಯಾರು ಅಂದಾರ?’

‘ಹೆಸರು ಹೇಳಬಾರದ್ರಿ ಅಕ್ಕಾರ, ಗುಟ್ಟಾಗಿ ಇಡಬೇಕು, ಅದು ನಿಯಮ’ ಎಂದೆ. ಆಮೇಲೆ, ಆ ನಿಯಮವನ್ನು ನಾನೇ ಮುರಿದು, ಹಮಾಲನ ಮಾತನ್ನು ಓದಿದೆ. ಬಹಳ ಚೆನ್ನಾಗಿ ಬರೆದಿದ್ದೇನೆ ಎಂಬ ಹಮ್ಮು ಇತ್ತಲ್ಲ.

ಅಕ್ಕ ಪುಸ್ತಕದಿಂದ ಕಣ್ಣು ತೆಗೆದಳು. ಒಲೆಯ ಪಕ್ಕದ ಆ ಜಾಗವನ್ನೇ ನೋಡುತ್ತಿದ್ದಳು. ‘ಇಷ್ಟ ವರ್ಷ ನನ್ನ ಮುಂದ ಕುಂತು ಉಂಡ. ಒಂದ ಮಾತು ಹೇಳಿದ್ರ ಆಗತಿರಲಿಲ್ಲೇನು’ ಎಂದಳು. ನನಗೆ ಹೇಳಿದ್ದಲ್ಲ ಅದು. ನಾನು ಮುಂದಿನ ಪುಟ ತಿರುವಿ ಪರಿಹಾರ ಓದತೊಡಗಿದೆ. ಒಲೆಗೂ ಊಟದ ಜಾಗಕ್ಕೂ ನಡುವೆ ಗೋಡೆ.

ಹದಿನೈದು ದಿನದಲ್ಲಿ ಗೋಡೆ ಎದ್ದಿತು. ಎಲ್ಲಿ ಕಟ್ಟಬೇಕೆಂದು ಟೇಪು ಹಿಡಿದು ಗೌಂಡಿಗೆ ತೋರಿಸಿದವನೂ ನಾನೇ. ಒಳಗೆ ಹೋಗಿ ಬರಲು ಒಂದು ಸಣ್ಣ ಬಾಗಿಲು ಬಿಡಿಸಿದೆ, ಅದಕ್ಕೊಂದು ಪರದೆ. ಅಕ್ಕ ಆ ಕಡೆ ಹೋದಳು. ರಸ್ತೆಗೆ ಸಪ್ಪಳ ಕೇಳುವುದು ನಿಂತಿತು. ಜನ ಬಾಗಿಲ ತನಕ ಬಂದು, ಊಟ ಐತೇನ್ರಿ ಎಂದು ಕೇಳುವ ಹಾಗಾಯಿತು.

ನನಗೆ ಆಗ ಹೊಳೆಯದೇ ಇದ್ದದ್ದು ಇನ್ನೊಂದಿತ್ತು. ನಮ್ಮ ಕಡೆ ಗಂಡಸರು ಕೇಳಿ ಉಣ್ಣುವುದಿಲ್ಲ. ಬೇಕೇ ಎಂದು ಯಾರಾದರೂ ಕೇಳಿದರೆ ಹೊಟ್ಟೆ ಅರ್ಧ ಖಾಲಿ ಇದ್ದರೂ ಸಾಕು ಅನ್ನುತ್ತಾರೆ. ಹೂಂ ಅನ್ನುವುದು ಮರ್ಯಾದೆಯಲ್ಲ. ನೀಡುವವರು ನೋಡಿ ನೀಡಬೇಕು, ಕೇಳಬಾರದು. ಇದು ನನ್ನ ಮನೆಯಲ್ಲೂ ಹಾಗೇ ಇತ್ತು, ನಾನೇ ಹಾಗೆ ಬೆಳೆದಿದ್ದೆ, ಆದರೆ ಪುಸ್ತಕದಲ್ಲಿ ಇರಲಿಲ್ಲವಲ್ಲ. ಈಗ ಅಕ್ಕನಿಗೆ ತಾಟು ಕಾಣುತ್ತಿರಲಿಲ್ಲ. ಆ ನಾಚಿಕೆಯ ಹುಡುಗಿ ಪರದೆಯ ಹತ್ತಿರ ನಿಂತು ಮೆಲ್ಲಗೆ ‘ಇನ್ನ ಬೇಕೇನ್ರಿ’ ಅನ್ನುತ್ತಿದ್ದಳು. ಎರಡೂ ಸಾಲಿನವರು ಸಾಕ್ರಿ ಸಾಕ್ರಿ ಅನ್ನುತ್ತಿದ್ದರು. ಎದ್ದು ಹೋಗಿ ಬಸ್ ಸ್ಟ್ಯಾಂಡಿನ ಹತ್ತಿರ ಮಿರ್ಚಿ ಮಂಡಕ್ಕಿ ತಿನ್ನುತ್ತಿದ್ದರು. ಎರಡು ತಿಂಗಳಲ್ಲಿ ಒಂದು ಸಾಲು ಪೂರ್ತಿ ಖಾಲಿಯಾಯಿತು. ಹಮಾಲ ಅಜ್ಜನೂ ಬರುವುದು ಬಿಟ್ಟ.

ಅಕ್ಕ ಒಂದು ದಿನ ನನ್ನನ್ನು ಗೋಡೆಯ ಆ ಕಡೆಗೆ ಕರೆದಳು. ‘ತಮ್ಮಾ, ಅವರು ಹೇಳಿದ್ದ ಮಾಡೀನಿ. ಆದ್ರೂ ಯಾಕ ಬರವಲ್ರು? ಇನ್ನೊಮ್ಮೆ ಕಾಗದ ಕೊಟ್ಟು ಕೇಳು. ನನ್ನ ಮುಂದ ಹೇಳಂಗಿಲ್ಲ, ನಿನ್ನ ಮುಂದ ಹೇಳ್ತಾರ’ ಎಂದಳು.

ಈ ಸಲ ಖರೇನೇ ಕೇಳಲು ಹೋದೆ. ಹಮಾಲ ಅಜ್ಜ ಯಾರ್ಡಿನಲ್ಲಿ ಚೀಲಗಳ ನೆರಳಿಗೆ ಕೂತು ಬನ್ನು ನೀರಲ್ಲಿ ಅದ್ದಿ ತಿನ್ನುತ್ತಿದ್ದ.

‘ಅಜ್ಜಾ, ಊಟಕ್ಕ ಯಾಕ ಬರವಲ್ಲಿ?’

‘ಏನ ಹೇಳ್ಲಪಾ. ಆ ಹುಡುಗಿ ಬೇಕೇನ್ರಿ ಅಂತಾಳ. ಬೇಕು ಅಂತ ನಾನು ಬಾಯಿಬಿಟ್ಟು ಹೆಂಗ ಅನ್ನಲಿ? ಅದು ಹೋಗ್ಲಿ ಅನ್ನು. ತಂಗಿ ಮಾತು ಬಿಟ್ಟಾಳ. ರಸ್ತೆದಾಗ ಎದುರು ಸಿಕ್ಕರೂ ಮುಖ ತಿರುವ್ಕೊಂಡು ಹೋಗ್ತಾಳ. ನಾನೇನ ತಪ್ಪು ಮಾಡೀನೋ ನನಗ ತಿಳಿವಲ್ದು’ ಎಂದು ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ. ‘ನೀ ದಿನಾ ಹೋಗಿ ಬರ್ತಿ. ನಿನಗೇನರ ಗೊತ್ತೈತೇನು?’

‘ಗೊತ್ತಿಲ್ಲಜ್ಜಾ’ ಎಂದೆ.

ವೈವಾಕ್ಕೆ, ಅಂದರೆ ಪ್ರಾಜೆಕ್ಟಿನ ಬಾಯಿಮಾತಿನ ಪರೀಕ್ಷೆಗೆ, ಆಗ ಮೂರು ವಾರ ಉಳಿದಿತ್ತು. ಗೈಡ್ ಸರ್ ಕೂಡ ಅಪರೂಪಕ್ಕೆ ಅದೇ ಖಾನಾವಳಿಗೆ ಬರುತ್ತಿದ್ದರು. ನಾನು ಬಾಯಿಬಿಟ್ಟರೆ ಮಾತು ಕಾಲೇಜಿಗೆ ಹೋಗುತ್ತದೆ, ಪ್ರಾಜೆಕ್ಟ್ ಹೋಗುತ್ತದೆ, ವರ್ಷ ಹೋಗುತ್ತದೆ, ಊರಲ್ಲಿ ಅಪ್ಪನ ಮುಖ ಹೋಗುತ್ತದೆ. ವೈವಾ ಮುಗಿಯಲಿ, ಹೇಳುತ್ತೇನೆ ಎಂದು ನನಗೆ ನಾನೇ ಮಾತು ಕೊಟ್ಟುಕೊಂಡೆ. ಅಕ್ಕನಿಗೆ ಮಾತ್ರ, ಪರೀಕ್ಷೆ ಕಾಲ, ಆಮೇಲೆ ಕೇಳ್ತೀನ್ರಿ ಎಂದೆ. ಆಕೆ, ಹೌದೌದು, ಮೊದಲ ಓದು ಎಂದಳು.

ವೈವಾದ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕರು ನನ್ನ ವರದಿ ತಿರುವಿ ಹಾಕಿ ಮೆಚ್ಚಿಕೊಂಡರು. ಓದುಬರಹ ಇಲ್ಲದವರನ್ನೂ ಬಿಡದೆ ಮಾತಾಡಿಸಿದ್ದೀಯಲ್ಲ ಎಂದರು. ಸಲಹೆ ಜಾರಿಗೆ ಬಂದಿದೆಯೇ ಎಂದು ಕೇಳಿದರು. ಬಂದಿದೆ ಸರ್ ಎಂದೆ. ಪರಿಣಾಮ ಏನಾಯಿತು? ಗ್ರಾಹಕರು ಹೆಚ್ಚಾಗಿದ್ದಾರೆ ಸರ್ ಎಂದೆ. ಒಂದು ಕ್ಷಣವೂ ತಡವರಿಸಲಿಲ್ಲ. ಕ್ಲಾಸಿಗೇ ಹೆಚ್ಚಿನ ಅಂಕ ನನಗೆ ಬಂತು.

ಎರಡು ದಿನ ಬಿಟ್ಟು ಅಕ್ಕನ ಹತ್ತಿರ ಹೋದೆ. ಹೇಳಲೇಬೇಕೆಂದು ಹೋಗಿದ್ದೆ. ಅಷ್ಟರಲ್ಲಿ ಹಮಾಲ ಅಜ್ಜ ಊರು ಬಿಟ್ಟಿದ್ದ. ಹೆಗಲು ಪೂರ್ತಿ ಸೋತಿತ್ತು, ಚಿಗಟೇರಿಯಲ್ಲಿದ್ದ ಮಗಳ ಮನೆಗೆ ಇರಲು ಹೋದ ಎಂದು ಬಡಿಸುವ ಹುಡುಗಿ ಹೇಳಿದಳು. ಹೋಗುವ ಮೊದಲು ಗಂಟು ಹಿಡಿದುಕೊಂಡು ಖಾನಾವಳಿಯೊಳಗೆ ಪರದೆಯ ಹತ್ತಿರ ಬಂದು ನಿಂತಿದ್ದನಂತೆ. ತಂಗಿ ಅದಾಳೇನು ಎಂದು ಕೇಳಿದನಂತೆ. ಅಕ್ಕ ಗೋಡೆಯ ಆ ಕಡೆಯಿಂದ, ಇಲ್ಲ ಅನ್ನು ಎಂದು ಕೈ ಆಡಿಸಿದಳಂತೆ. ಅಲ್ಲಿಯವರೆಗೆ ಒಳಗೆ ರೊಟ್ಟಿ ಬಡಿಯುತ್ತಿದ್ದ ಸಪ್ಪಳ ಅಷ್ಟು ಹತ್ತಿರ ನಿಂತ ಅಜ್ಜನಿಗೆ ಕೇಳದೆ ಇರುತ್ತದೆಯೇ.

ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತೆ. ‘ಅಕ್ಕಾರ, ಯಾರೂ ಏನೂ ಅಂದಿಲ್ರಿ. ಎಲ್ಲಾ ನಾನ ಬರದೀನಿ’ ಎಂದೆ.

ಆಕೆಗೆ ತಿಳಿಯಲಿಲ್ಲ. ‘ಏನ ಬರದಿ?’

‘ಆ ಕಾಗದ ಎಲ್ಲಾ. ಐವತ್ತೂ.’

‘ಹೆಬ್ಬಟ್ಟು?’

‘ನಂದರಿ.’

ಹಂಚಿನ ಮೇಲಿನ ರೊಟ್ಟಿ ಸೀಯತೊಡಗಿತು. ಆಕೆ ತೆಗೆಯಲಿಲ್ಲ. ‘ಅಣ್ಣ ಏನೂ ಅಂದಿಲ್ಲ?’

‘ಅಂದಿಲ್ರಿ.’

ಆಕೆ ನನಗೆ ಬಯ್ಯುತ್ತಾಳೆ, ಕೊಳ್ಳಿ ತೆಗೆದುಕೊಂಡು ಹೊಡೆಯುತ್ತಾಳೆ ಎಂದು ತಯಾರಾಗಿದ್ದೆ. ಆಕೆ ಅಳತೊಡಗಿದಳು, ಆದರೆ ಮುಖದಲ್ಲಿ ಎಂಥದೋ ಹಗುರ ಬಂದಿತ್ತು. ‘ಅಂದಿಲ್ಲ ಅಂವ. ನನಗ ಗೊತ್ತಿತ್ತು ಅನ್ನಂಗಿಲ್ಲ ನಾನು, ನಂಬಿಬಿಟ್ಟೆ. ಉಣ್ಣಾಕ ಬಂದವರ ಮುಖ ನೋಡಾಕ ಆಗದಂಗ ಆಗಿತ್ತು ನನಗ. ಎಲ್ಲಾರೂ ಒಳಗೊಳಗ ಅಸಹ್ಯ ಪಟ್ಕೊಂಡು ಉಣ್ಣಾಕತ್ತಾರ ಅನಸ್ತಿತ್ತು. ಗೋಡಿ ಆದದ್ದು ಚಲೋ ಆತು, ಅವರೂ ನನ್ನ ನೋಡಂಗಿಲ್ಲ, ನಾನೂ ಅವರನ್ನ ನೋಡಂಗಿಲ್ಲ ಅಂತ ಕುಂತಿದ್ದೆ’ ಎಂದಳು. ವ್ಯಾಪಾರ ಹಾಳು ಮಾಡಿದೆ ಎಂಬ ಒಂದೇ ಹೊರೆ ಹೊತ್ತುಕೊಂಡು ನಾನು ಹೋಗಿದ್ದೆ. ಆ ಮೂರು ನಾಲ್ಕು ತಿಂಗಳು ಈ ಹೆಂಗಸು ತನ್ನದೇ ಮನೆಯಲ್ಲಿ ಮುಖ ಮುಚ್ಚಿಕೊಂಡು ಬದುಕಿದ್ದಳು ಎಂಬುದು ನನ್ನ ತಲೆಗೇ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಆಕೆ ನನ್ನನ್ನು ಕರೆಸಿದಳು. ಆರು ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಒಂದು ಬಿಳಿ ಬಟ್ಟೆಯಲ್ಲಿ ಕಟ್ಟಿದ್ದಳು. ‘ಚಿಗಟೇರಿಗೆ ಹೋಗು. ನಾನು ಹೋದ್ರ ಅಂವ ಏನೂ ಆಗಿಲ್ಲ ಬಿಡು ತಂಗಿ ಅಂತಾನ, ಮಾತು ಅಲ್ಲಿಗೇ ಮುಚ್ಚಿಬಿಡ್ತಾನ. ನೀ ಮಾಡಿದ್ದು ನೀನ ಹೇಳು. ತಂಗಿ ತಪ್ಪು ತಿಳಕೊಂಡಿದ್ಲು ಅಂತ ಹೇಳು. ಬಾ ಅಂತ ಹೇಳು’ ಎಂದಳು. ಬಯ್ಯಲಿಲ್ಲ. ಇದೊಂದೇ ಕೇಳಿದಳು.

ಹರಪನಹಳ್ಳಿಗೆ ಹೋಗಿ ಇಳಿದೆ. ಅಲ್ಲಿಂದ ಚಿಗಟೇರಿಗೆ ಇನ್ನೊಂದು ಬಸ್ಸು. ಬಸ್ಸು ಬಂತು, ಜನ ಹತ್ತಿದರು, ನಾನು ಹತ್ತಲಿಲ್ಲ. ಮುಂದಿನದಕ್ಕೆ ಹೋದರಾಯಿತು ಎಂದು ಚಹಾ ಕುಡಿದೆ. ಮುಂದಿನದೂ ಬಂತು. ಆತನ ಮಗಳು, ಅಳಿಯ, ಅಕ್ಕಪಕ್ಕದವರು ಎಲ್ಲರೂ ಸುತ್ತ ಕೂತಿರುತ್ತಾರೆ, ಅವರ ನಡುವೆ ನಾನು, ನಿನ್ನ ಹೆಸರಿನಲ್ಲಿ ಹೆಬ್ಬೆಟ್ಟು ಒತ್ತಿದವನು ನಾನು ಎಂದು ಹೇಳಬೇಕು. ಎದುರಿಗೆ ಕೂತು, ಗೊತ್ತಿಲ್ಲಜ್ಜಾ ಎಂದು ಹೇಳಿದ್ದೂ ಆತನಿಗೆ ನೆನಪಿರುತ್ತದೆ. ಬಯ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಆತ ಬಯ್ಯುವುದಿಲ್ಲ ಎಂದು ಗೊತ್ತಿತ್ತು, ಅದಕ್ಕೇ ಕಾಲು ಏಳಲಿಲ್ಲ. ಆ ಬಸ್ಸೂ ಹೋಯಿತು. ಹನ್ನೊಂದರಿಂದ ಎರಡೂವರೆಯವರೆಗೆ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದೆ. ಇಪ್ಪತ್ತೊಂದು ವರ್ಷದ ಗಂಡಸು, ಕ್ಲಾಸಿಗೆ ಮೊದಲಿಗ.

ಕೊನೆಗೆ ರೊಟ್ಟಿಯನ್ನು ಅಲ್ಲಿ ಮಲಗಿದ್ದ ಒಬ್ಬ ಮುದುಕನ ತಲೆಯ ಹತ್ತಿರ ಪೇಪರಿನ ಮೇಲೆ ಇಟ್ಟೆ. ಬಿಳಿ ಬಟ್ಟೆಯನ್ನು ನಳದ ಕೆಳಗೆ ತೊಳೆದೆ, ಹಿಂಡಿದೆ, ಮಡಚಿದೆ. ಮುಟ್ಟಿಸಿ ಬಂದವರ ಕೈಯಲ್ಲಿ ಖಾಲಿ ಬಟ್ಟೆ ಇರಬೇಕಲ್ಲ. ಅಷ್ಟು ಬುದ್ಧಿ ಆಗಲೂ ಇತ್ತು ನನಗೆ.

ನಾನು ಕೊಟ್ಟೂರು ಮುಟ್ಟುವ ಹೊತ್ತಿಗೆ ಗೌಂಡಿ ಗೋಡೆಯ ಅರ್ಧ ಇಳಿಸಿದ್ದ. ಅಕ್ಕ ತಲೆಯ ತುಂಬ ಧೂಳು ಮಾಡಿಕೊಂಡು ಇಟ್ಟಿಗೆ ಎತ್ತಿ ಹೊರಗೆ ಇಡುತ್ತಿದ್ದಳು. ನನ್ನನ್ನು ಕಂಡು ಬಂದಳು.

‘ಏನಂದ?’

‘ನಕ್ಕನ್ರಿ. ಹೋಗ್ಲಿ ಬಿಡು ಅಂದನ್ರಿ.’

‘ಉಂಡನಾ?’

‘ನನ್ನ ಮುಂದನ ಎರಡು ಉಂಡನ್ರಿ.’

‘ಕಣ್ಣು ಹೆಂಗದಾವ?’

‘ಚಲೋ ಅದಾವ್ರಿ’ ಎಂದೆ. ‘ಬರೋ ಸೋಮವಾರ ಬರತೀನಿ ಅಂದಾನ್ರಿ.’

ಆ ಸೋಮವಾರ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಯಾರೂ ಕೇಳಿರಲಿಲ್ಲ. ಸುಳ್ಳು ಚೆನ್ನಾಗಿ ಕಾಣಲಿ ಎಂದು ಬಾಯಿ ತಾನೇ ಹೇಳಿಬಿಟ್ಟಿತು. ಅಕ್ಕ ಯಾರ್ಡಿನ ಹಮಾಲರಿಗೆಲ್ಲ ಹೇಳಿ ಕಳಿಸಿದಳು, ಸೋಮವಾರ ಅಣ್ಣ ಬರತಾನ, ಎಲ್ಲಾರೂ ಊಟಕ್ಕ ಬರ್ರಿ ಅಂತ. ನಾನು ಭಾನುವಾರವೇ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೋದೆ, ಅಲ್ಲಿಂದ ಒಂದು ಕಂಪನಿಯ ಕೆಲಸಕ್ಕೆ ಹುಬ್ಬಳ್ಳಿಗೆ. ಸೋಮವಾರ ಹಮಾಲರು ಬಂದರಂತೆ, ಒಲೆಯ ಪಕ್ಕದ ಜಾಗ ಬಿಟ್ಟು ಕೂತು ಮೂರು ಗಂಟೆಯವರೆಗೆ ಕಾದರಂತೆ. ಇದನ್ನು ರೂಮಿನ ಗೆಳೆಯ ಫೋನಿನಲ್ಲಿ ಹೇಳಿದ. ಅಕ್ಕ ಏನಂದಳು ಎಂದು ಕೇಳಿದೆ.

‘ಇನ್ನೂ ಸಿಟ್ಟೈತಿ ಅಣ್ಣಗ, ಬರತೀನಿ ಅಂತ ಬಾಯಿಲೆ ಅಂದ, ಬರಲಿಲ್ಲ ಅಂದ್ಲು. ಇನ್ನೊಮ್ಮೆ ಕರೆಯಾಕ ಯಾವ ಮುಖ ಇಟ್ಕೊಂಡು ಹೋಗಲಿ ಅಂದ್ಲು’ ಎಂದ.